ಉಳಿತಾಯಕ್ಕೆ ಹೊರದೇಶದ ಖಾತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಣದುಬ್ಬರದಲ್ಲಿ ಉಳಿತಾಯ ಹೇಗೆ ಕರಗುತ್ತದೆ ಎಂಬುದರ ಕುರಿತು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಸ್ವಂತ ದೇಶದ ಕರೆನ್ಸಿಯೊಂದನ್ನೇ ನೆಚ್ಚಿಕೊಂಡವರಿಗೆ ಅದರ ಮೌಲ್ಯ ಕುಸಿದ ದಿನ ಬೇರೆ ಆಸರೆ ಇರುವುದಿಲ್ಲ ಎಂಬ ಮಾತು ಅದರಲ್ಲಿತ್ತು. ಆ ಒಂದು ಮಾತನ್ನು ಹಿಡಿದು ಬಂದ ಪತ್ರಗಳೇ ಈ ಬಾರಿ ಹೆಚ್ಚು. ಅವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ಇಪ್ಪತ್ತು ವರ್ಷ ದುಡಿದು ಉಳಿಸಿದ್ದೆಲ್ಲ ನನ್ನ ದೇಶದ ಕರೆನ್ಸಿಯಲ್ಲೇ ಇದೆ. ಒಂದು ಭಾಗವನ್ನು ಡಾಲರಿಗೆ ಬದಲಾಯಿಸಬೇಕೆಂದಿದ್ದೇನೆ. ನಾನು ವ್ಯವಹರಿಸುವ ಬ್ಯಾಂಕಿನಲ್ಲೇ ಡಾಲರ್ ಖಾತೆ ತೆರೆದುಕೊಡುತ್ತಾರೆ. ಹಾಗಿರುವಾಗ ಹೊರದೇಶದ ಬ್ಯಾಂಕಿಗೆ ಹೋಗುವ ತಾಪತ್ರಯ ಏಕೆ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ, ಅವನ್ನು ಬಿಡಿಸಿ ನೋಡದೆ ಯಾವ ನಿರ್ಧಾರಕ್ಕೂ ಬರಬೇಡಿ. ಹಣ ಯಾವ ಕರೆನ್ಸಿಯಲ್ಲಿದೆ ಎಂಬುದು ಒಂದು. ಯಾವ ಬ್ಯಾಂಕಿನ ಕೈಯಲ್ಲಿದೆ ಎಂಬುದು ಇನ್ನೊಂದು. ಆ ಬ್ಯಾಂಕು ಯಾವ ದೇಶದ ಕಾನೂನಿಗೆ ಒಳಪಟ್ಟಿದೆ ಎಂಬುದು ಮತ್ತೊಂದು. ಸ್ವದೇಶದ ಬ್ಯಾಂಕಿನಲ್ಲಿ ಡಾಲರ್ ಖಾತೆ ತೆರೆದರೆ ಮೊದಲನೆಯದು ಮಾತ್ರ ಬದಲಾಗುತ್ತದೆ, ಉಳಿದೆರಡು ಇದ್ದ ಹಾಗೇ ಇರುತ್ತವೆ. ವಿನಿಮಯ ದರ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಜಾರುವ ಸಾಮಾನ್ಯ ಕಾಲದಲ್ಲಿ ಅಷ್ಟು ರಕ್ಷಣೆ ಸಾಕು. ದೇಶದ ವಿದೇಶಿ ವಿನಿಮಯ ಸಂಗ್ರಹವೇ ಬರಿದಾದ ದಿನ ಅದು ಸಾಲದು.

ಅರ್ಜೆಂಟೀನಾದ ಜನ ಇದನ್ನು ಅನುಭವಿಸಿ ತಿಳಿದರು. ಅಲ್ಲಿನ ಕರೆನ್ಸಿಯಾದ ಪೆಸೊ ಒಂದಕ್ಕೆ ಒಂದು ಡಾಲರ್ ಎಂಬ ದರಕ್ಕೆ 1991ರಿಂದ ಅಲ್ಲಿ ಕಾನೂನಿನದೇ ಖಾತ್ರಿಯಿತ್ತು. ಆದರೂ ಪೆಸೊವನ್ನು ಪೂರ್ತಿ ನಂಬದ ಜನ ಠೇವಣಿಯ ಬಹುಪಾಲನ್ನು ಸ್ಥಳೀಯ ಬ್ಯಾಂಕುಗಳಲ್ಲಿ ಡಾಲರ್ ಖಾತೆಗಳಲ್ಲೇ ಇಟ್ಟಿದ್ದರು, ಮತ್ತು ಹಾಗೆ ಇಟ್ಟದ್ದರಿಂದ ತಾವು ಸುರಕ್ಷಿತರೆಂದು ನಂಬಿದ್ದರು. 2001ರ ಡಿಸೆಂಬರ್ ಮೊದಲ ವಾರದಲ್ಲಿ ಸರಕಾರ ಖಾತೆಗಳಿಂದ ವಾರಕ್ಕೆ 250 ಪೆಸೊ ಅಥವಾ ಡಾಲರಿಗಿಂತ ಹೆಚ್ಚು ನಗದು ತೆಗೆಯುವಂತಿಲ್ಲ ಎಂದಿತು. ಜನ ಅದನ್ನು 'ಕೊರಲಿತೊ' ಎಂದು ಕರೆದರು. ದನ ಕೂಡುವ ಪುಟ್ಟ ದೊಡ್ಡಿ ಎಂಬ ಅರ್ಥದ ಮಾತು. 2002ರ ಆರಂಭದಲ್ಲಿ ಡಾಲರ್ ಠೇವಣಿಗಳನ್ನೆಲ್ಲ ಡಾಲರಿಗೆ 1.40 ಪೆಸೊ ಲೆಕ್ಕದಲ್ಲಿ ಪೆಸೊಗೆ ಪರಿವರ್ತಿಸಲಾಯಿತು. ಅದೇ ವರ್ಷದ ನಡುಭಾಗಕ್ಕೆ ಮಾರುಕಟ್ಟೆಯಲ್ಲಿ ಒಂದು ಡಾಲರ್ ಕೊಳ್ಳಲು ಮೂರೂವರೆ ಪೆಸೊಗೂ ಹೆಚ್ಚು ಕೊಡಬೇಕಿತ್ತು. 10,000 ಡಾಲರ್ ಇಟ್ಟಿದ್ದವರ ಪುಸ್ತಕದಲ್ಲಿ 14,000 ಪೆಸೊ ಎಂದು ಬರೆಯಲಾಯಿತು. ಮೂರೂವರೆಯ ದರದಲ್ಲಿ ಅದಕ್ಕೆ ಸಿಗುತ್ತಿದ್ದದ್ದು 4,000 ಡಾಲರ್. ಹಣದುಬ್ಬರಕ್ಕೆ ತಕ್ಕಂತೆ ಆ ಮೊತ್ತವನ್ನು ಏರಿಸುವ ವ್ಯವಸ್ಥೆ ಇತ್ತಾದರೂ ಕಳೆದದ್ದು ತುಂಬಿ ಬರಲಿಲ್ಲ.

ಲೆಬನಾನ್‌ನಲ್ಲೂ ಹೀಗೇ ಆಯಿತು. ಡಾಲರಿಗೆ ಸುಮಾರು 1,507 ಲೆಬನಾನಿ ಪೌಂಡ್ ಎಂಬ ದರ ಎರಡು ದಶಕಕ್ಕೂ ಹೆಚ್ಚು ಕಾಲ ಅಲುಗಾಡದೆ ನಿಂತಿತ್ತು. 2019ರ ಅಕ್ಟೋಬರಿನ ನಂತರ ಬ್ಯಾಂಕುಗಳು ಡಾಲರ್ ಕೊಡುವುದನ್ನು ಬಿಗಿಗೊಳಿಸಿದವು. ಪುಸ್ತಕದಲ್ಲಿ ಡಾಲರ್ ಎಂದು ಕಾಣುವ, ಆದರೆ ಕೈಗೆ ಡಾಲರಾಗಿ ಬಾರದ ಆ ಹಣಕ್ಕೆ ಅಲ್ಲಿಯವರು 'ಲಾಲರ್' ಎಂದು ಬೇರೆಯೇ ಹೆಸರಿಟ್ಟರು.

ಹೀಗಾಗಲು ಕಾರಣ ಸರಳ. ನೀವಿಟ್ಟ ಡಾಲರನ್ನು ಬ್ಯಾಂಕು ಪೆಟ್ಟಿಗೆಯಲ್ಲಿಟ್ಟು ಕಾಯುವುದಿಲ್ಲ. ಅದನ್ನು ಸಾಲವಾಗಿ ಕೊಡುತ್ತದೆ, ಸರಕಾರದ ಬಾಂಡುಗಳಲ್ಲಿ ತೊಡಗಿಸುತ್ತದೆ, ಕೇಂದ್ರ ಬ್ಯಾಂಕಿನಲ್ಲಿ ಇಡುತ್ತದೆ. ಸಾಲ ಪಡೆದವರ ಸಂಪಾದನೆ ಸ್ಥಳೀಯ ಕರೆನ್ಸಿಯಲ್ಲಿದ್ದರೆ, ಅದು ಕುಸಿದಾಗ ಅವರು ಡಾಲರಿನಲ್ಲಿ ತೀರಿಸಲಾರರು, ಸರಕಾರವೂ ತೀರಿಸಲಾರದು. ಆಗ ನಿಮ್ಮ ಪುಸ್ತಕದಲ್ಲಿರುವ ಡಾಲರ್ ಬರೀ ಅಂಕಿಯಾಗಿ ಉಳಿಯುತ್ತದೆ.

ಆದ್ದರಿಂದ ನಿಮ್ಮ ಭಯ ಯಾವುದರದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಬೆಲೆಯೇರಿಕೆ, ನಿಧಾನದ ಅಪಮೌಲ್ಯ ಇಷ್ಟೇ ಆದರೆ ನಿಮ್ಮ ಬ್ಯಾಂಕಿನ ಡಾಲರ್ ಖಾತೆಯೇ ಸಾಕು, ಖರ್ಚೂ ಕಡಿಮೆ. ಬ್ಯಾಂಕುಗಳೇ ಬಾಗಿಲು ಹಾಕಿಕೊಂಡಾವು, ಸರಕಾರ ನಿಯಮವನ್ನೇ ಬದಲಿಸೀತು ಎಂಬ ಆತಂಕಕ್ಕೆ ಆಧಾರವಿದ್ದರೆ ಮಾತ್ರ ಹೊರದೇಶದ ಖಾತೆಗೆ ಪಡುವ ಶ್ರಮಕ್ಕೆ ಅರ್ಥವಿದೆ.

ಪ್ರಶ್ನೆ: ಯಾವ ಕರೆನ್ಸಿಯನ್ನು ಆರಿಸಿಕೊಳ್ಳಬೇಕು? ಸ್ವಿಸ್ ಫ್ರಾಂಕ್ ಮತ್ತು ಜಪಾನಿನ ಯೆನ್ ಎಂದಿಗೂ ಸೋಲುವುದಿಲ್ಲ ಎಂದು ಓದಿದ್ದೇನೆ. ಎಷ್ಟು ಪಾಲು ಹಾಕಬಹುದು ಎಂಬುದನ್ನೂ ತಿಳಿಸಿ.

ಉತ್ತರ: ಎಂದಿಗೂ ಸೋಲದ ಕರೆನ್ಸಿ ಎಂಬುದಿಲ್ಲ. 2021ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 103 ಯೆನ್ ಇತ್ತು. 2024ರ ಜುಲೈ ಹೊತ್ತಿಗೆ ಅದು 160ನ್ನು ದಾಟಿತ್ತು. ಸುರಕ್ಷಿತವೆಂದು ನಂಬಿ ಯೆನ್ ಹಿಡಿದವರ ಉಳಿತಾಯ ಡಾಲರ್ ಲೆಕ್ಕದಲ್ಲಿ ಮೂರೂವರೆ ವರ್ಷದಲ್ಲಿ ಮೂರನೇ ಒಂದಂಶದಷ್ಟು ಕರಗಿತು. ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಡಬೇಕೆಂಬ ಜನಮತದ ಫಲಿತಾಂಶ ಹೊರಬಿದ್ದ 2016ರ ಜೂನ್ 24ರಂದು ಪೌಂಡ್ ಡಾಲರಿನೆದುರು ಒಂದೇ ದಿನದಲ್ಲಿ ಶೇ 8ರಷ್ಟು ಬಿದ್ದಿತು.

ಫ್ರಾಂಕಿನ ಕಥೆ ಬೇರೆ. ಅದು ಬಲವಾದ ಕರೆನ್ಸಿ ಎಂಬುದು ನಿಜ, ಆ ಬಲಕ್ಕೆ ಹೊರಗಿನವರು ಬೆಲೆ ತೆತ್ತದ್ದೂ ನಿಜ. ಹೊರದೇಶಗಳ ಹಣ ನುಗ್ಗಿ ಫ್ರಾಂಕ್ ವಿಪರೀತ ಏರುವುದನ್ನು ತಡೆಯಲು ಸ್ವಿಟ್ಜರ್ಲೆಂಡ್ 1970ರ ದಶಕದಲ್ಲಿ ವಿದೇಶಿಯರ ಫ್ರಾಂಕ್ ಠೇವಣಿಗಳಿಗೆ ಬಡ್ಡಿ ಕೊಡುವ ಬದಲು ಶುಲ್ಕ ಹಾಕಿತು. 1978ರಲ್ಲಿ ಆ ಶುಲ್ಕ ಮೂರು ತಿಂಗಳಿಗೆ ಶೇ 10ರಷ್ಟಿತ್ತು. 2015ರಿಂದ 2022ರವರೆಗೆ ಅಲ್ಲಿನ ಕೇಂದ್ರ ಬ್ಯಾಂಕಿನ ಬಡ್ಡಿ ದರ ಬಹುಕಾಲ ಶೇ ಮೈನಸ್ 0.75 ಆಗಿತ್ತು, ಮತ್ತು ದೊಡ್ಡ ಠೇವಣಿದಾರರ ಮೇಲೆ ಬ್ಯಾಂಕುಗಳು ಆ ಹೊರೆಯನ್ನು ದಾಟಿಸಿದವು. ತನ್ನ ದುಡ್ಡು ಇಡಲು ತಾನೇ ಬಾಡಿಗೆ ಕೊಡುವ ಸ್ಥಿತಿ ಅದು.

ಯಾವುದು ಗಟ್ಟಿ ಎಂದು ಹುಡುಕುವುದಕ್ಕಿಂತ, ಮುಂದೆ ನಿಮ್ಮ ಖರ್ಚು ಯಾವ ಕರೆನ್ಸಿಯಲ್ಲಿ ಬರಲಿದೆ ಎಂದು ಕೇಳಿಕೊಳ್ಳುವುದು ಹೆಚ್ಚು ಫಲಕಾರಿ ಎಂದು ನನ್ನ ಗಟ್ಟಿಯಾದ ನಂಬಿಕೆ. ಮಗಳ ಓದಿನ ಶುಲ್ಕವನ್ನು ಐದು ವರ್ಷದ ನಂತರ ಯುರೋದಲ್ಲಿ ಕಟ್ಟಬೇಕಿದ್ದರೆ ನಿಮಗೆ ಬೇಕಾದದ್ದು ಯುರೋ. ಆಗ ಯುರೋ ಏರಿದರೂ ಇಳಿದರೂ ನಿಮ್ಮ ಲೆಕ್ಕ ತಪ್ಪುವುದಿಲ್ಲ. ವೃದ್ಧಾಪ್ಯವನ್ನು ಸ್ವದೇಶದಲ್ಲೇ ಕಳೆಯುವವರ ದಿನನಿತ್ಯದ ಖರ್ಚು ಸ್ವದೇಶದ ಕರೆನ್ಸಿಯಲ್ಲೇ ಇರುವುದರಿಂದ, ಉಳಿತಾಯದ ದೊಡ್ಡ ಭಾಗ ಅಲ್ಲೇ ಇರಬೇಕು. ಪಾಲು ಎಷ್ಟೆಂದು ಎಲ್ಲರಿಗೂ ಒಂದೇ ಅಂಕಿ ಹೇಳುವುದು ಬೇಜವಾಬ್ದಾರಿಯಾಗುತ್ತದೆ. ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಆರು ತಿಂಗಳಿಂದ ಒಂದು ವರ್ಷದ ಮನೆಖರ್ಚಿಗೆ ಬೇಕಾಗುವ ತುರ್ತು ಹಣವನ್ನು ಗಡಿ ದಾಟಿಸಬೇಡಿ. ರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಇನ್ನೊಂದು ದೇಶದಲ್ಲಿರುವ ಹಣ ಕೈಗೆ ಬರಲು ದಿನಗಳೇ ಹಿಡಿಯಬಹುದು.

ಪ್ರಶ್ನೆ: ಇಲ್ಲಿ ನನ್ನ ಠೇವಣಿಗೆ ಶೇ 7 ಬಡ್ಡಿ ಬರುತ್ತದೆ. ಅಲ್ಲಿ ಶೇ 2 ಎನ್ನುತ್ತಾರೆ. ಇದು ನಷ್ಟದ ಬಾಬ್ತು ಅಲ್ಲವೇ?

ಉತ್ತರ: ಆಗಬಹುದು, ಆಗದೆಯೂ ಇರಬಹುದು. ಇಲ್ಲಿ 100 ಒಂದು ವರ್ಷಕ್ಕೆ 107 ಆಗುತ್ತದೆ, ಅಲ್ಲಿ 102. ಎರಡೂ ಸಮನಾಗಬೇಕಾದರೆ ಆ ವರ್ಷದಲ್ಲಿ ಹೊರಗಿನ ಕರೆನ್ಸಿ ನಿಮ್ಮದರ ಎದುರು ಸುಮಾರು ಶೇ 4.9ರಷ್ಟು ಏರಬೇಕು. ಅದಕ್ಕಿಂತ ಹೆಚ್ಚು ಏರಿದರೆ ಲಾಭ, ಕಡಿಮೆಯಾದರೆ ನಷ್ಟ. ಬಡ್ಡಿ ದರ ಎತ್ತರದಲ್ಲಿರುವ ದೇಶಗಳಲ್ಲಿ ಸಾಮಾನ್ಯವಾಗಿ ಹಣದುಬ್ಬರವೂ ಎತ್ತರದಲ್ಲೇ ಇರುತ್ತದೆ ಎಂಬುದನ್ನು ನೆನಪಿಡಿ. ಆ ಶೇ 7ರಲ್ಲಿ ಒಂದು ಭಾಗ ನಿಮ್ಮ ಅಸಲು ಸವೆಯುವುದಕ್ಕೆ ಸಿಗುವ ಪರಿಹಾರವೇ ಹೊರತು ಗಳಿಕೆಯಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಬಡ್ಡಿಯ ವ್ಯತ್ಯಾಸವಲ್ಲ, ಹೋಗಿ ಬರುವ ದಾರಿಯಲ್ಲಿ ಸೋರುವ ಹಣ. ಹೊರದೇಶಕ್ಕೆ ಹಣ ಕಳಿಸುವ ಅರ್ಜಿಯನ್ನು ಒಮ್ಮೆ ಎದುರಿಗಿಟ್ಟುಕೊಂಡು ನಿಧಾನವಾಗಿ ಓದಿ. ಪಡೆಯುವವರ ಹೆಸರು, ಖಾತೆ ಸಂಖ್ಯೆ, ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಇವುಗಳ ಕೆಳಗೆ ಎಲ್ಲೋ ಒಂದು ಮೂಲೆಯಲ್ಲಿ ಮೂರು ಪುಟ್ಟ ಚೌಕಗಳಿರುತ್ತವೆ: ಅವರ್, ಶಾ, ಬೆನ್. ಹೆಚ್ಚಿನವರು ಅವುಗಳ ಕಡೆ ಕಣ್ಣನ್ನೂ ಹಾಯಿಸುವುದಿಲ್ಲ. ಅವರ್ ಎಂದು ಗುರುತು ಹಾಕಿದರೆ ದಾರಿಯ ಶುಲ್ಕವೆಲ್ಲ ಕಳಿಸುವವರದು. ಶಾ ಎಂದರೆ ಇಬ್ಬರೂ ಹಂಚಿಕೊಳ್ಳುವುದು. ಬೆನ್ ಎಂದರೆ ಎಲ್ಲವೂ ಪಡೆಯುವವರ ಮೊತ್ತದಿಂದಲೇ ಮುರಿದುಕೊಳ್ಳುವುದು. ನಿಮ್ಮ ಬ್ಯಾಂಕಿಗೂ ಅಲ್ಲಿನ ಬ್ಯಾಂಕಿಗೂ ನೇರ ಸಂಬಂಧ ಇಲ್ಲದಿದ್ದರೆ ಹಣ ನಡುವೆ ಒಂದೋ ಎರಡೋ ಬ್ಯಾಂಕುಗಳನ್ನು ಹಾದು ಹೋಗುತ್ತದೆ, ಅವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ನನ್ನ ಮೊದಲ ರವಾನೆಯಲ್ಲಿ ಶಾ ಎಂಬ ಚೌಕಕ್ಕೆ ಗುರುತು ಹಾಕಿದ್ದೆ. ಅಲ್ಲಿ ಖಾತೆ ಚಾಲೂ ಆಗಲು ಬೇಕಿದ್ದ ಕನಿಷ್ಠ ಮೊತ್ತಕ್ಕಿಂತ ಕೆಲವೇ ಡಾಲರ್ ಕಡಿಮೆ ಜಮೆಯಾಯಿತು, ಆ ಕೆಲವು ಡಾಲರಿಗಾಗಿ ಇನ್ನೊಂದು ಪೂರ್ತಿ ರವಾನೆಯ ಶುಲ್ಕ ತೆರಬೇಕಾಯಿತು.

ಇದಕ್ಕಿಂತ ದೊಡ್ಡ ಸೋರಿಕೆ ವಿನಿಮಯ ದರದಲ್ಲೇ ಅಡಗಿರುತ್ತದೆ. ಆ ಹೊತ್ತಿನ ಮಾರುಕಟ್ಟೆಯ ಮಧ್ಯದರಕ್ಕೂ (ಕೊಳ್ಳುವ ಮತ್ತು ಮಾರುವ ದರಗಳ ನಡುವಿನದು) ಬ್ಯಾಂಕು ನಿಮಗೆ ಕೊಡುವ ದರಕ್ಕೂ ಇರುವ ಅಂತರವೇ ಅದು. ಹೋಗುವಾಗ ಶೇ 2, ಮರಳುವಾಗ ಶೇ 2 ಎಂದಿಟ್ಟುಕೊಂಡರೂ, ಮೇಲೆ ಹೇಳಿದ ಶೇ 2ರ ಬಡ್ಡಿಯಲ್ಲಿ ಎರಡು ವರ್ಷದ ಗಳಿಕೆ ಅದಕ್ಕೇ ಸರಿಹೋಯಿತು. ಒಂದೆರಡು ವರ್ಷದಲ್ಲಿ ವಾಪಸು ತರುವ ಉದ್ದೇಶವಿದ್ದರೆ ಈ ಹಾದಿ ಬೇಡ.

ಪ್ರಶ್ನೆ: ಹೊರದೇಶದ ಬ್ಯಾಂಕು ಮುಳುಗಿದರೆ ವಿದೇಶಿ ಠೇವಣಿದಾರನಾದ ನನಗೆ ಅಲ್ಲಿನ ಠೇವಣಿ ವಿಮೆ ಸಿಗುತ್ತದೆಯೇ?

ಉತ್ತರ: ಅನೇಕ ದೇಶಗಳಲ್ಲಿ ಪೌರತ್ವ ನೋಡದೆ ವಿಮೆ ಕೊಡುತ್ತಾರೆ. ಆದರೆ ಮಿತಿ ಎಷ್ಟು ಎಂದು ಕೇಳಿ ಸುಮ್ಮನಾದರೆ ಸಾಲದು. ಅಮೆರಿಕದಲ್ಲಿ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 2,50,000 ಡಾಲರ್, ಯುರೋಪಿಯನ್ ಒಕ್ಕೂಟದಲ್ಲಿ 1,00,000 ಯುರೋ ಎಂಬುದು ಸಾಮಾನ್ಯ ಮಿತಿ. ಸಿಂಗಪುರದಲ್ಲಿ 2024ರ ಏಪ್ರಿಲಿನಿಂದ ಮಿತಿ 1,00,000 ಸಿಂಗಪುರ ಡಾಲರ್. ಆದರೆ ಅದು ಸಿಂಗಪುರ ಡಾಲರಿನಲ್ಲಿರುವ ಠೇವಣಿಗೆ ಮಾತ್ರ. ಅಲ್ಲಿನ ಬ್ಯಾಂಕಿನಲ್ಲಿ ಅಮೆರಿಕದ ಡಾಲರ್ ಖಾತೆ ತೆರೆದವರಿಗೆ ಆ ವಿಮೆಯಿಲ್ಲ. ಜಪಾನಿನಲ್ಲೂ ವಿದೇಶಿ ಕರೆನ್ಸಿಯ ಠೇವಣಿ ವಿಮೆಯ ಹೊರಗೆ. ಕರೆನ್ಸಿಯನ್ನು ಹಂಚಲೆಂದೇ ಹೊರಗೆ ಹೋದವರು ಈ ಒಂದು ಷರತ್ತನ್ನು ಓದದೆ ಹೋದರೆ ಕಷ್ಟ.

ಇನ್ನೊಂದು ವಿಷಯ ನೀವು ನೋಡುವ ಬ್ಯಾಂಕು ಆ ದೇಶದಲ್ಲಿ ಶಾಖೆಯೋ, ಅಲ್ಲಿಯೇ ನೋಂದಾಯಿತವಾದ ಅಂಗಸಂಸ್ಥೆಯೋ ಎಂಬುದು. 2008ರ ಅಕ್ಟೋಬರಿನಲ್ಲಿ ಐಸ್‌ಲೆಂಡಿನ ಮೂರು ದೊಡ್ಡ ಬ್ಯಾಂಕುಗಳು ಕೆಲವೇ ದಿನಗಳ ಅಂತರದಲ್ಲಿ ಕುಸಿದವು. ಅವುಗಳಲ್ಲಿ ಲ್ಯಾಂಡ್ಸ್‌ಬ್ಯಾಂಕಿ ಬ್ರಿಟನ್ ಮತ್ತು ನೆದರ್ಲೆಂಡ್ಸಿನಲ್ಲಿ 'ಐಸ್‌ಸೇವ್' ಎಂಬ ಹೆಸರಿನಲ್ಲಿ ಆಕರ್ಷಕ ಬಡ್ಡಿಗೆ ಠೇವಣಿ ಪಡೆಯುತ್ತಿತ್ತು. ಅದು ಶಾಖೆಯಾದ್ದರಿಂದ ಮೊದಲ ಹೊಣೆ ಪುಟ್ಟ ಐಸ್‌ಲೆಂಡಿನ ವಿಮಾ ನಿಧಿಯ ಮೇಲೆ ಬಿತ್ತು, ಆ ನಿಧಿಗೆ ಅಷ್ಟು ಶಕ್ತಿಯಿರಲಿಲ್ಲ. ಎರಡೂ ದೇಶಗಳ ಸರಕಾರಗಳು ತಾವೇ ಮುಂದೆ ಬಂದು ತಮ್ಮ ಠೇವಣಿದಾರರಿಗೆ ಹಣ ಕೊಟ್ಟವು. ಅದನ್ನು ಯಾರು ಭರಿಸಬೇಕೆಂಬ ವ್ಯಾಜ್ಯ 2013ರವರೆಗೂ ನಡೆಯಿತು. ಕೌಪ್‌ಥಿಂಗ್ ಎಂಬ ಇನ್ನೊಂದು ಬ್ಯಾಂಕು ಬ್ರಿಟನ್ನಿನಲ್ಲಿ ಅಂಗಸಂಸ್ಥೆಯಾಗಿ ನೋಂದಾಯಿಸಿಕೊಂಡಿತ್ತು, ಅದರ ಅಲ್ಲಿನ ಠೇವಣಿಗಳನ್ನು ಬ್ರಿಟನ್ನೇ ಕೂಡಲೇ ಮತ್ತೊಂದು ಬ್ಯಾಂಕಿಗೆ ವರ್ಗಾಯಿಸಿತು.

ವಿಮೆಯ ಮಿತಿ ದಾಟಿದ ಹಣದ ಗತಿ ಏನೆಂಬುದು 2013ರ ಮಾರ್ಚಿನಲ್ಲಿ ಸೈಪ್ರಸ್‌ನಲ್ಲಿ ಗೊತ್ತಾಯಿತು. ಬ್ಯಾಂಕುಗಳು ಹನ್ನೆರಡು ದಿನ ಬಾಗಿಲು ತೆರೆಯಲಿಲ್ಲ. ಬ್ಯಾಂಕ್ ಆಫ್ ಸೈಪ್ರಸ್‌ನಲ್ಲಿ 1,00,000 ಯುರೋಗಿಂತ ಮೇಲಿದ್ದ ಮೊತ್ತದ ಶೇ 47.5ನ್ನು ಆ ಬ್ಯಾಂಕಿನದೇ ಷೇರುಗಳಾಗಿ ಪರಿವರ್ತಿಸಲಾಯಿತು. ನಷ್ಟ ಹೊತ್ತವರಲ್ಲಿ ಸುರಕ್ಷತೆಗೆಂದು ಅಲ್ಲಿ ಹಣ ತಂದಿಟ್ಟಿದ್ದ ವಿದೇಶಿಯರೂ ಅನೇಕರಿದ್ದರು. ಮಿತಿಯೊಳಗೇ ಇರಿ, ಹೆಚ್ಚು ಬಡ್ಡಿಯ ಆಸೆಗೆ ಪುಟ್ಟ ದೇಶದ ದೊಡ್ಡ ಬ್ಯಾಂಕನ್ನು ಹುಡುಕಿಕೊಂಡು ಹೋಗಬೇಡಿ.

ಪ್ರಶ್ನೆ: ಹೊರಗಿನ ಖಾತೆಯ ಸುದ್ದಿ ಇಲ್ಲಿ ಯಾರಿಗೂ ತಿಳಿಯುವುದಿಲ್ಲ, ಘೋಷಿಸಬೇಕಾಗಿಲ್ಲ ಎಂದು ಸಲಹೆಗಾರರೊಬ್ಬರು ಹೇಳಿದರು. ನಿಜವೇ?

ಉತ್ತರ: ನಿಜವಲ್ಲ. ಹಾಗೆ ಹೇಳಿದವರಿಂದ ಇನ್ನಾವ ಸಲಹೆಯನ್ನೂ ಪಡೆಯಬೇಡಿ. ಗ್ರಾಹಕರ ಗುಟ್ಟು ಕಾಯುವುದನ್ನು ಸ್ವಿಟ್ಜರ್ಲೆಂಡ್ 1934ರಲ್ಲಿ ಕಾನೂನು ಮಾಡಿತ್ತು, ಆ ಕಾಲದ ಮಾತುಗಳೇ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿವೆ. ತನ್ನ ತೆರಿಗೆದಾರರ ಖಾತೆಗಳ ವಿವರವನ್ನು ಹೊರದೇಶದ ಬ್ಯಾಂಕುಗಳು ತಿಳಿಸಬೇಕೆಂದು ಅಮೆರಿಕ 2010ರಲ್ಲಿ 'ಫಾಟ್ಕಾ' ಕಾನೂನು ತಂದಿತು. ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಕೂಟವಾದ ಒಇಸಿಡಿ 2014ರಲ್ಲಿ ರೂಪಿಸಿದ ಸಮಾನ ವರದಿ ಮಾನದಂಡದ ಪ್ರಕಾರ 2017ರಿಂದ ದೇಶಗಳ ನಡುವೆ ಖಾತೆಗಳ ಮಾಹಿತಿ ತಾನೇತಾನಾಗಿ ಹರಿಯುತ್ತಿದೆ. ಸ್ವಿಟ್ಜರ್ಲೆಂಡೂ ಸೇರಿದಂತೆ ನೂರಕ್ಕೂ ಹೆಚ್ಚು ದೇಶ ಮತ್ತು ಪ್ರಾಂತಗಳು ಅದಕ್ಕೆ ಒಪ್ಪಿವೆ. ಖಾತೆ ತೆರೆಯುವಾಗಲೇ ನೀವು ಯಾವ ದೇಶದ ತೆರಿಗೆ ನಿವಾಸಿ, ನಿಮ್ಮ ತೆರಿಗೆ ಸಂಖ್ಯೆ ಏನು ಎಂದು ಬರೆದು ಸಹಿ ಮಾಡುವ ಪತ್ರ ಅದಕ್ಕಾಗಿಯೇ. ವರ್ಷದ ಕೊನೆಯ ಶಿಲ್ಕು, ಬಂದ ಬಡ್ಡಿ ಎಲ್ಲವೂ ನಿಮ್ಮ ತೆರಿಗೆ ಇಲಾಖೆಗೆ ತಲುಪುತ್ತವೆ.

ತೆರಿಗೆಯ ಮಾತಿಗಿಂತ ಮುಂಚೆ ಇನ್ನೊಂದಿದೆ. ಎಷ್ಟು ಹಣವನ್ನು, ಯಾವ ಉದ್ದೇಶಕ್ಕೆ, ಯಾರ ಮೂಲಕ ಹೊರಗೆ ಕಳಿಸಬಹುದು ಎಂಬುದನ್ನು ಅನೇಕ ದೇಶಗಳ ಕಾನೂನು ನಿಗದಿಪಡಿಸಿದೆ. ಇದು ಬಡ ದೇಶಗಳ ಪಾಡು ಮಾತ್ರ ಎಂದುಕೊಳ್ಳಬೇಡಿ: 1966ರಲ್ಲಿ ಬ್ರಿಟನ್ನಿನ ಪ್ರಜೆ ಪ್ರವಾಸ ಹೊರಟರೆ ಖರ್ಚಿಗೆ ವಿದೇಶಿ ವಿನಿಮಯ ಸಿಗುತ್ತಿದ್ದದ್ದು 50 ಪೌಂಡಿನಷ್ಟು, ಅಲ್ಲಿನ ವಿನಿಮಯ ನಿಯಂತ್ರಣ ಪೂರ್ತಿ ತೆರವಾದದ್ದು 1979ರಲ್ಲಿ. ನಿಮ್ಮ ಕೇಂದ್ರ ಬ್ಯಾಂಕು ಪ್ರಕಟಿಸಿರುವ ನಿಯಮವನ್ನು ನೀವೇ ಓದಿ, ಅನುಮತಿಯಿರುವ ದಾರಿಯಲ್ಲೇ ಕಳಿಸಿ, ರವಾನೆಯ ರಸೀದಿಗಳನ್ನು ಖಾತೆ ಮುಚ್ಚಿದ ಮೇಲೂ ಜೋಪಾನವಾಗಿಡಿ. ಹಣ ಮರಳಿ ತರುವಾಗ ಅದು ಎಲ್ಲಿಂದ ಬಂದದ್ದೆಂದು ಕೇಳುತ್ತಾರೆ; ಆಗ ಆ ರಸೀದಿಗಳೇ ಉತ್ತರ.

ಪ್ರಶ್ನೆ: ನನಗೆ 68 ವರ್ಷ. ಹೊರದೇಶದಲ್ಲಿ ದುಡಿಯುತ್ತಿದ್ದಾಗ ತೆರೆದ ಖಾತೆಯಲ್ಲಿ ಸಾಕಷ್ಟು ಮೊತ್ತವಿದೆ. ಖಾತೆ ನನ್ನೊಬ್ಬನ ಹೆಸರಿನಲ್ಲಿದೆ, ಹೆಂಡತಿಗೆ ವಿವರ ತಿಳಿಯದು. ನಾಮಿನಿಯ ಹೆಸರು ಬರೆದರೆ ಸಾಕೇ?

ಉತ್ತರ: ಈ ಬಾರಿಯ ಪತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ಕೂರಿಸಿದ್ದು ನಿಮ್ಮದೇ. ಬ್ಯಾಂಕ್ ಖಾತೆಗೆ ನಾಮಿನಿ ಎಂಬ ಪದ್ಧತಿ ಅನೇಕ ದೇಶಗಳಲ್ಲಿ ಇಲ್ಲವೇ ಇಲ್ಲ. ಖಾತೆದಾರ ತೀರಿಕೊಂಡ ಸುದ್ದಿ ತಿಳಿದೊಡನೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ, ಆ ದೇಶದ ನ್ಯಾಯಾಲಯ ಒಪ್ಪಿದ ವಾರಸುದಾರಿಕೆಯ ಪತ್ರ ತರುವವರೆಗೆ ಬಿಡುವುದಿಲ್ಲ.

ನನಗೆ ಆಪ್ತರಾದ ಕುಟುಂಬವೊಂದರಲ್ಲಿ ಯಜಮಾನರು ಹೋದ ಮೇಲೆ ಮೇಜಿನ ಖಾನೆಯಲ್ಲಿ ಸಿಕ್ಕಿದ್ದು ಅವಧಿ ಮುಗಿದ ಒಂದು ಡೆಬಿಟ್ ಕಾರ್ಡ್ ಮತ್ತು ಹಳೆಯ ವಿಳಾಸಕ್ಕೆ ಬಂದಿದ್ದ ಒಂದು ಲಕೋಟೆ. ಅದರೊಳಗೆ, ವಿಳಾಸದ ದಾಖಲೆ ಹೊಸದಾಗಿ ಕಳಿಸದಿದ್ದರೆ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗುವುದು ಎಂಬ ಎರಡು ವರ್ಷ ಹಳೆಯ ಪತ್ರವಿತ್ತು. ಆ ತಾಯಿ ಮರಣ ಪ್ರಮಾಣಪತ್ರವನ್ನು ಅನುವಾದ ಮಾಡಿಸಿದರು, ನೋಟರಿಯ ಬಳಿಗೆ ಹೋದರು, ದಾಖಲೆ ಅಸಲಿ ಎಂದು ಹೊರದೇಶಕ್ಕೆ ದೃಢೀಕರಿಸುವ ಅಪೋಸ್ಟಿಲ್ ಮುದ್ರೆ ಹಾಕಿಸಿದರು. ಬ್ಯಾಂಕಿನವರು ಮದುವೆಯ ದಾಖಲೆಯಲ್ಲಿ ಹೆಸರಿನ ಅಕ್ಷರ ಬೇರೆಯಾಗಿದೆ ಎಂದು ಎಲ್ಲವನ್ನೂ ಮರಳಿ ಕಳಿಸಿದರು. ಹಣ ಕೈಸೇರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಅವರು ಗಂಡನ ಕೈಬರಹದ ಕಾಗದಗಳನ್ನು ಮತ್ತೆ ಮತ್ತೆ ಹುಡುಕುತ್ತಿದ್ದರು.

ನೀವು ಬದುಕಿರುವಾಗಲೇ ಇದನ್ನು ಸರಿಪಡಿಸುವುದು ಸುಲಭ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಬದುಕುಳಿದವರಿಗೆ ನೇರವಾಗಿ ಸಲ್ಲುವ ಜಂಟಿ ಖಾತೆಯಾಗಿ ಬದಲಾಯಿಸಲು ಸಾಧ್ಯವೇ ಎಂದು ಬ್ಯಾಂಕನ್ನು ಬರವಣಿಗೆಯಲ್ಲಿ ಕೇಳಿ. ಸಾಧ್ಯವಿಲ್ಲ ಎಂದರೆ, ಆ ದೇಶದ ಕಾನೂನು ಬಲ್ಲ ವಕೀಲರಿಂದ ಅಲ್ಲಿನ ಆಸ್ತಿಗೆ ಮಾತ್ರ ಸಂಬಂಧಿಸಿದ ಉಯಿಲು ಬರೆಸಿ. ಅದು ಸ್ವದೇಶದ ಉಯಿಲನ್ನು ರದ್ದು ಮಾಡದಂತೆ ಪದಗಳನ್ನು ಜೋಡಿಸಬೇಕೆಂದು ಅವರಿಗೆ ತಿಳಿಸಿ. ಪಾಸ್‌ಪೋರ್ಟ್, ಮದುವೆಯ ದಾಖಲೆ, ಖಾತೆ ಈ ಮೂರರಲ್ಲೂ ಹೆಂಡತಿಯ ಹೆಸರು ಒಂದೇ ಅಕ್ಷರಗಳಲ್ಲಿದೆಯೇ ಎಂದು ಇವತ್ತೇ ನೋಡಿ. ಖಾತೆ ನಿಷ್ಕ್ರಿಯವೆಂದು ದಾಖಲಾಗದಂತೆ ಆರು ತಿಂಗಳಿಗೊಮ್ಮೆಯಾದರೂ ಒಂದು ಸಣ್ಣ ವ್ಯವಹಾರ ಮಾಡಿ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ದೂರು ವಿಭಾಗದ ವಿಳಾಸ, ವಕೀಲರ ಹೆಸರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಹೆಂಡತಿಯ ಕೈಗೆ ಕೊಡಿ. ಅದಕ್ಕೂ ಮೊದಲು ಒಂದು ಸಂಜೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಖಾತೆಯನ್ನು ತೆರೆದು ತೋರಿಸಿ.